ಗುಡುಗಣ್ಣನ ದೋಣಿಗೆ ಹಾಡು

ಎಲ್ಲ ತಾಪತ್ರಯ ಶುರುವಾದದ್ದು ಟೈಲರಮ್ಮನ ಒಂದು ಮಾತಿನಿಂದ. ಅವಳೇನೂ ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಬೆಳಗಿನ ಮೊದಲ ಸುತ್ತಿನಲ್ಲಿ ದೋಣಿಯಿಂದ ಇಳಿಯುತ್ತ, ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು, "ನಿಮ್ಮ ಷಡ್ಡಕರ ದೋಣೀಲಿ ಹಾಡು ಹಾಕ್ತಾರೆ, ಹೊಳೆ ದಾಟಿದ್ದೇ ಗೊತ್ತಾಗಲ್ಲ," ಎಂದಳು. ಅವಳು ಹೋದಳು. ಮಾತು ಮಾತ್ರ ದೋಣಿಯಲ್ಲೇ ಕೂತುಬಿಟ್ಟಿತು.

ದೋಣಿ ಗುಡುಗಣ್ಣನದು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅವನ ಎಂಜಿನ್ನಿನ ಆರ್ಭಟ ಕೇಳಿದ ಎರಡೂ ದಡದ ಜನ ಸೇರಿ ಈ ಹೆಸರನ್ನು ದಯಪಾಲಿಸಿದ್ದರು. ಸೈಲೆನ್ಸರ್ ತುಕ್ಕು ಹಿಡಿದು ಉದುರಿ ಎರಡು ವರ್ಷವಾಗಿತ್ತು. ಅವನು ಆಚೆ ದಡದಲ್ಲಿ ದೋಣಿ ಎಬ್ಬಿಸಿದರೆ ಈಚೆ ದಡದಲ್ಲಿ ತೊಟ್ಟಿಲ ಮಗು ಏಳುತ್ತಿತ್ತು. ಆದರೂ ಹದಿನಾರು ವರ್ಷ ಅವನೊಬ್ಬನೇ ಹೊಳೆ ದಾಟಿಸುವವನಾದ್ದರಿಂದ ಜನ ಕಿವಿಗೆ ಹತ್ತಿ ತುರುಕಿಕೊಂಡಾದರೂ ಬಂದು ಕೂರುತ್ತಿದ್ದರು. ಆರು ತಿಂಗಳ ಹಿಂದೆ ಅವನ ಹೆಂಡತಿಯ ಅಕ್ಕನ ಗಂಡ, ಅಂದರೆ ಈ ಷಡ್ಡಕ, ಹೊಳೆಯ ಮೇಲ್ಗಡೆ ತಾನು ದೋಣಿ ಕಟ್ಟುತ್ತಿದ್ದ ಧಕ್ಕೆಯನ್ನು ಬಿಟ್ಟು ದೋಣಿ ಸಮೇತ ಈ ಧಕ್ಕೆಗೇ ಬಂದ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ "ಅಲ್ಲಿಯ ನೀರು ಹಿಡಿಸಲಿಲ್ಲ" ಎಂದು ಹೇಳಿ ಮಾತು ಬದಲಿಸುತ್ತಿದ್ದ.

ಷಡ್ಡಕ ಬಂದಾಗಿನಿಂದ ಗಿರಾಕಿಗಳು ಅರ್ಧಕ್ಕೆ ಇಳಿದಿದ್ದರು. ಇವತ್ತಂತೂ ಅಳಿವು ಉಳಿವಿನ ಪ್ರಶ್ನೆ. ಆಚೆ ದಡದ ಪೆನ್ಸಿಲ್ ಕಾರ್ಖಾನೆಯವರು ತಮ್ಮ ನಲವತ್ತು ಜನ ಕೆಲಸಗಾರರನ್ನು ದಿನಾ ದಾಟಿಸಲು ಒಂದು ವರ್ಷದ ಮಟ್ಟಿಗೆ ದೋಣಿ ಗೊತ್ತುಮಾಡುವವರಿದ್ದರು. ಸಂಜೆ ಐದಕ್ಕೆ ಅವರ ಮ್ಯಾನೇಜರಮ್ಮ ಗುಡುಗಣ್ಣನ ದೋಣಿಯಲ್ಲಿ ಈಚೆಗೆ ಬರುವುದು, ಷಡ್ಡಕನ ದೋಣಿಯಲ್ಲಿ ಆಚೆಗೆ ಹೋಗುವುದು, ಯಾವುದು ಹಿಡಿಸಿತೋ ಅದಕ್ಕೆ ಕೆಲಸ ಎಂದು ತೀರ್ಮಾನವಾಗಿತ್ತು. ಸಿಕ್ಕವನಿಗೆ ವರ್ಷವಿಡೀ ನಿಶ್ಚಿಂತೆ. ಸಿಗದವನು ಟೈಲರಮ್ಮನ ಬಟ್ಟೆ ಗಂಟಿನ ದಾರಿ ಕಾಯುತ್ತ ಕೂರಬೇಕು.

ತಿಂಡಿಗೆ ಮನೆಗೆ ಹೋದ ಗುಡುಗಣ್ಣ ದೋಣಿಗೆ ಹಾಡು ಹಾಕಿಸುವ ಮಾತೆತ್ತಿದ. ಹೆಂಡತಿ ಬೇಡ ಅನ್ನಲಿಲ್ಲ. ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿ, ಅದರಲ್ಲಿದ್ದ ಇಪ್ಪತ್ತು ಸಾವಿರದಲ್ಲಿ ಐದನ್ನು ಎಣಿಸಿ ಅವನ ಮುಂದಿಟ್ಟಳು. ಉಳಿದ ಹದಿನೈದು ದೋಣಿಯ ತಳದ ಬಿರುಕು ಮುಚ್ಚಿಸಿ ಬಣ್ಣ ಬಳಿಸುವುದಕ್ಕೆ. ಅದನ್ನು ಮುಟ್ಟುವ ಹಾಗಿಲ್ಲ.

"ಇದರಲ್ಲಿ ಮೊದಲು ಸೈಲೆನ್ಸರ್ ಮಾಡಿಸಿ. ಸಾವಿರದ ಇನ್ನೂರು ಆಗುತ್ತಂತೆ. ಮಿಕ್ಕಿದ್ದರಲ್ಲಿ ಹಾಡು," ಎಂದಳು.

"ಸೈಲೆನ್ಸರ್ ಯಾರ ಕಣ್ಣಿಗೆ ಬೀಳುತ್ತೆ? ಅದು ನೀರಿನ ಕಡೆ ಇರೋದು," ಎಂದ ಗುಡುಗಣ್ಣ.

ಐದು ಸಾವಿರ ಜೇಬಿಗಿಳಿದಾಗ ಅವನಿಗೆ ಅದು ಸಾಕಷ್ಟು ದೊಡ್ಡ ಮೊತ್ತವೆಂದೇ ಅನ್ನಿಸಿತ್ತು. ಅದನ್ನು ಸಣ್ಣದು ಮಾಡಿದವರು ಅವನ ಗಿರಾಕಿಗಳು. ಎರಡನೇ ಸುತ್ತಿನಲ್ಲಿ ನಿವೃತ್ತ ಮೇಷ್ಟ್ರಿಗೆ ವಿಷಯ ತಿಳಿಯಿತು. ಮೇಷ್ಟ್ರು ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು, ಕೇಳದಿದ್ದರೂ ಲೆಕ್ಕ ಮಾಡುವವರು. ಎಂಜಿನ್ನಿನ ಅಬ್ಬರದಲ್ಲಿ ಅವನ ಕಿವಿಗೆ ಬಾಯಿ ಹಚ್ಚಿ, ಐದು ಸಾವಿರದ ಸ್ಪೀಕರು ಈ ಎಂಜಿನ್ ಮುಂದೆ ಉಸಿರೆತ್ತುವುದಿಲ್ಲ, ನಾಲ್ಕು ಮೂಲೆಗೆ ನಾಲ್ಕು ಬೇಕು, ಎಂಟು ಸಾವಿರಕ್ಕೆ ಕಡಿಮೆಯಿಲ್ಲ ಎಂದು ಸಾರಿದರು. ಮೂರನೇ ಸುತ್ತಿನಲ್ಲಿ ಸಲೂನಿನವನು, ತನ್ನ ಅಂಗಡಿಯಲ್ಲಿ ನಾಲ್ಕು ಸ್ಪೀಕರ್ ಇದ್ದರೂ ಎದೆಗೆ ಢಂ ಎಂದು ತಾಗುವ ಊಫರ್ ಇಲ್ಲದೆ ಗಿರಾಕಿಗಳು ನಿದ್ದೆ ಹೋಗುತ್ತಾರೆ ಎಂದು ದುಃಖ ತೋಡಿಕೊಂಡ. ಲೆಕ್ಕ ಹದಿಮೂರಕ್ಕೇರಿತು. ನಾಲ್ಕನೇ ಸುತ್ತಿನಲ್ಲಿ ವಾಪಸು ಹೊರಟ ಟೈಲರಮ್ಮ, ಮ್ಯಾನೇಜರಮ್ಮ ದೊಡ್ಡ ಊರಿನಲ್ಲಿ ಓದಿದವರು, ಅವರ ಮುಂದೆ ಚಿಲ್ಲರೆ ಸಾಮಾನು ಇಟ್ಟರೆ ದೋಣಿಯೇ ಚಿಲ್ಲರೆ ಅನ್ನಿಸುತ್ತದೆ ಎಂದಳು. ಬಣ್ಣದ ದೀಪವೂ ಇದ್ದರೆ ಚೆಂದ ಎಂದು ಇಳಿಯುವಾಗ ಸೇರಿಸಿದಳು.

ಒಬ್ಬರೂ ತಮ್ಮ ಜೇಬಿನಿಂದ ಕೊಡುವವರಲ್ಲ. ಅದಕ್ಕೇ ಎಲ್ಲರ ಕೈಯೂ ಅಷ್ಟು ಧಾರಾಳವಾಗಿತ್ತು.

ಮಧ್ಯಾಹ್ನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗುಡುಗಣ್ಣ ಮೆಲ್ಲಗೆ ಅಟ್ಟಕ್ಕೆ ಕೈ ಹಾಕಿದ. ಡಬ್ಬಿಯಲ್ಲಿದ್ದ ಹದಿನೈದೂ ಅವನ ಜೇಬಿಗೆ ಬಂತು. ಖಾಲಿ ಡಬ್ಬಿ ಅವನನ್ನೇ ನೋಡಿದಂತಾಗಿ, ಹಳೆಯ ದಿನಪತ್ರಿಕೆಯ ಹಾಳೆ ತುರುಕಿ ಮುಚ್ಚಳ ಬಿಗಿದಿಟ್ಟ. ಕಾರ್ಖಾನೆಯವರು ಕೊಡುವ ಮೊದಲ ಮುಂಗಡದಲ್ಲೇ ಇದನ್ನು ತುಂಬಿಟ್ಟರಾಯಿತು, ಇವಳಿಗೆ ಸುಳಿವೂ ಹತ್ತುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ಪಾಪ, ಅವನ ಉದ್ದೇಶ ಒಳ್ಳೆಯದೇ.

ಅಂಗಡಿಯವನು ಗಿರಾಕಿಯ ಜೇಬನ್ನು ಕಣ್ಣಲ್ಲೇ ತೂಗುವವನು. ಸಣ್ಣ ಪುಟ್ಟದನ್ನೆಲ್ಲ ಬದಿಗೆ ಸರಿಸಿ, ಒಳಕೋಣೆಯಿಂದ ಸಣ್ಣ ಬೀರುವಿನಷ್ಟಿದ್ದ ಕಪ್ಪು ಪೆಟ್ಟಿಗೆಯೊಂದನ್ನು ತಂದಿಟ್ಟ. ಆಂಪ್ಲಿಫೈಯರ್, ಊಫರ್ ಎಲ್ಲ ಒಳಗೇ. ಜೊತೆಗೆ ನಾಲ್ಕು ಸ್ಪೀಕರ್. ಹದಿನೆಂಟು ಸಾವಿರ. ಪೆಟ್ಟಿಗೆಯ ಎಡಮೂಲೆಯಲ್ಲಿ ಅಂಗೈಯಗಲ ಒಂದು ತಗ್ಗು ಇತ್ತು. ಅದೇನೆಂದು ಗುಡುಗಣ್ಣ ಕೇಳಿದ. ಅದು ಕಂಪನಿಯ ಗುರುತು, ಅಸಲಿ ಮಾಲಿಗೆ ಮಾತ್ರ ಇರುತ್ತದೆ ಎಂದ ಅಂಗಡಿಯವನು. ನೀರಿಗೆ ಹೆದರುವ ಪೆಟ್ಟಿಗೆಯಲ್ಲ ಇದು ಎಂದೂ ಭರವಸೆ ಕೊಟ್ಟ.

ತಂತಿ, ದೀಪ, ಕೂಡಿಸುವ ಕೂಲಿ ಎಲ್ಲ ಸೇರಿ ಸರಿಯಾಗಿ ಇಪ್ಪತ್ತಾಯಿತು. ದೋಣಿಗೇ ಬಂದು ಕೂಡಿಸುತ್ತ ಅಂಗಡಿಯವನು, ಇದಕ್ಕೊಂದು ಬೇರೆ ಬ್ಯಾಟರಿ ಹಾಕಿಸಿ, ಮೂರು ಸಾವಿರ, ಎಂಜಿನ್ ಬ್ಯಾಟರಿಗೇ ಜೋಡಿಸುವುದು ಒಳ್ಳೆಯದಲ್ಲ ಎಂದ. ಇಡೀ ದಿನದಲ್ಲಿ ಅವನು ಹೇಳಿದ ನಿಜ ಅದೊಂದೇ. ಆದರೆ ಅಷ್ಟು ಹೊತ್ತಿಗೆ ಗುಡುಗಣ್ಣನಿಗೆ ಮಿತವ್ಯಯದ ಮಹತ್ವ ಹೊಳೆದಿತ್ತು.

"ಎಲ್ಲದಕ್ಕೂ ಒಂದು ಮಿತಿ ಬೇಕು. ಸಿಕ್ಕಾಪಟ್ಟೆ ಖರ್ಚು ಮಾಡೋನಲ್ಲ ನಾನು," ಎಂದು ಗಟ್ಟಿಯಾಗಿ ಹೇಳಿಬಿಟ್ಟ. ಇದ್ದ ಬ್ಯಾಟರಿಗೇ ತಂತಿ ಬಿತ್ತು.

ಐದು ಗಂಟೆಗೆ ಆಚೆ ದಡದಲ್ಲಿ ಮ್ಯಾನೇಜರಮ್ಮ ಹತ್ತಿದರು. ಮೇಷ್ಟ್ರು, ಸಲೂನಿನವನು, ಟೈಲರಮ್ಮ ಮೂವರೂ ಅಲ್ಲಿ ಏನೂ ಕೆಲಸವಿಲ್ಲದಿದ್ದರೂ ಈ ಸುತ್ತಿಗೆಂದೇ ಹೋಗಿ ಕಾದಿದ್ದರು. ಹಾಡು ತಮ್ಮದೇ ಎಂಬ ಗತ್ತು ಅವರ ಮುಖದಲ್ಲಿತ್ತು. ಗುಡುಗಣ್ಣ ಗುಂಡಿ ಒತ್ತಿದ. ಎಂಜಿನ್ ಆರ್ಭಟಿಸಿತು. ಹಾಡು ಹಾಕಿದ. ಬಣ್ಣದ ದೀಪಗಳು ಕುಣಿದವು, ಹಾಡು ಯಾರಿಗೂ ಕೇಳಲಿಲ್ಲ. ಹಾಡು ಇದೆಯಂತಲ್ಲ ಎಂದು ಮ್ಯಾನೇಜರಮ್ಮ ಕೈಸನ್ನೆಯಲ್ಲೇ ಕೇಳಬೇಕಾಯಿತು. ಅವನು ಸದ್ದಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಈಗ ಎಂಜಿನ್ನೂ ಹಾಡೂ ಜುಟ್ಟು ಹಿಡಿದು ಜಗಳಕ್ಕಿಳಿದವು. ಮ್ಯಾನೇಜರಮ್ಮ ಎರಡೂ ಕಿವಿ ಮುಚ್ಚಿಕೊಂಡರು.

ಮೇಷ್ಟ್ರು ಓಡಿಬಂದು, ಹೊಳೆಯ ನಡುವೆ ಎರಡೇ ನಿಮಿಷ ಎಂಜಿನ್ ನಿಲ್ಲಿಸು, ಅವರು ಕೇಳಲಿ ಎಂದರು. ಗುಡುಗಣ್ಣನಿಗೂ ಸರಿ ಅನ್ನಿಸಿತು. ನಿಲ್ಲಿಸಿದ.

ನಿಜ ಹೇಳಬೇಕು, ಆ ಎರಡು ನಿಮಿಷ ಸ್ವರ್ಗ. ತಣ್ಣಗಿನ ನೀರು, ಮೇಲೆ ಸಂಜೆಬಿಸಿಲು, ನಾಲ್ಕು ಮೂಲೆಯಿಂದ ಕೊಳಲು. ಸಲೂನಿನವನ ಎದೆಗೆ ಢಂ ಎಂದು ತಾಗಿ ಅವನ ಕಣ್ಣು ತುಂಬಿತು. ಮ್ಯಾನೇಜರಮ್ಮನ ಪಾದ ತಾಳ ಹಾಕತೊಡಗಿತು. ಅದನ್ನು ಕಂಡ ಗುಡುಗಣ್ಣ ಇನ್ನೊಂದು ಹಾಡು ಹಾಕಿದ. ಅದು ಮುಗಿದ ಮೇಲೆ ಇನ್ನೊಂದು. ಮನಸ್ಸಿನಲ್ಲೇ ಡಬ್ಬಿ ತುಂಬಿಸಿಯೂ ಆಗಿತ್ತು. ದೋಣಿ ತನ್ನಷ್ಟಕ್ಕೆ ಸೆಳವಿನಲ್ಲಿ ಕೆಳಗೆ ಹೋಗುತ್ತಿದ್ದುದನ್ನು ಯಾರೂ ನೋಡಲಿಲ್ಲ.

ನಾಲ್ಕನೇ ಹಾಡಿನ ನಡುವೆ ಹಾಡುವವನಿಗೆ ನಿದ್ದೆ ಬಂದಂತಾಯಿತು. ದನಿ ಎಳೆಯಿತು, ಕುಸಿಯಿತು, ನಿಂತಿತು. ದೀಪಗಳು ಆರಿದವು. ಗುಡುಗಣ್ಣ ಎಂಜಿನ್ನಿನ ಗುಂಡಿ ಒತ್ತಿದ. ಟಿಕ್ ಎಂದಿತು. ಮತ್ತೆ ಒತ್ತಿದ, ಟಿಕ್ ಅನ್ನುವುದನ್ನೂ ಬಿಟ್ಟಿತು. ಕೈಯಿಂದ ತಿರುಗಿಸಿ ಎಬ್ಬಿಸುವ ಹಿಡಿಕೆ ಒಂದಿತ್ತು. ಅದು ಮನೆಯಲ್ಲಿ ಬಚ್ಚಲ ಬಾಗಿಲು ಮುಚ್ಚದಂತೆ ಒತ್ತುಕೊಟ್ಟು ನಿಂತಿತ್ತು. ಅಷ್ಟರಲ್ಲಿ ದೋಣಿ ಯಾರಿಗೂ ನೋವಾಗದ ಹಾಗೆ ಮರಳದಿಬ್ಬ ಏರಿ ಕೂತಿತು.

ಮ್ಯಾನೇಜರಮ್ಮ ಗಡಿಯಾರ ನೋಡಿಕೊಂಡರು. ಮೇಷ್ಟ್ರು, ತಾನು ಎರಡೇ ನಿಮಿಷ ಎಂದಿದ್ದೆ ಎಂದು ಎಲ್ಲರಿಗೂ ಬೇರೆ ಬೇರೆಯಾಗಿ ವಿವರಿಸಿದರು. ಟೈಲರಮ್ಮ, ನಾನು ಬರೀ ದೀಪದ ಮಾತು ಹೇಳಿದ್ದು ಎಂದಳು.

ಇಪ್ಪತ್ತು ನಿಮಿಷ ಹೀಗೆ ಕಳೆದ ಮೇಲೆ ದೂರದಿಂದ ಹಾಡು ಕೇಳಿಸಿತು. ಷಡ್ಡಕನ ದೋಣಿ. ಎಂಜಿನ್ ಬೆಕ್ಕಿನ ಗುರುಗುಟ್ಟುವಿಕೆಯಷ್ಟೇ ಸದ್ದು ಮಾಡುತ್ತಿತ್ತು, ಅದರ ಮೇಲೆ ಹಾಡು ಸ್ಪಷ್ಟವಾಗಿ ತೇಲಿಬರುತ್ತಿತ್ತು. ಎಲ್ಲರೂ ಆ ದೋಣಿಗೆ ದಾಟಿದರು. ಅಷ್ಟು ಚೆಂದದ ಹಾಡು ಎಲ್ಲಿಂದ ಬರುತ್ತಿದೆಯೆಂದು ಗುಡುಗಣ್ಣ ಬಗ್ಗಿ ನೋಡಿದ. ಹಲಗೆಯ ಕೆಳಗೆ ಒಂದು ತಗಡಿನ ಬಕೆಟ್, ಬಕೆಟ್ಟಿನೊಳಗೆ ಅಂಗೈಯಗಲದ ಒಂದು ರೇಡಿಯೋ. ಅಷ್ಟೇ. ಮ್ಯಾನೇಜರಮ್ಮ ಬೆನ್ನು ಒರಗಿಸಿ ಕೂತು, ನಮ್ಮ ಜನ ಕೆಲಸ ಮಾಡಿ ದಣಿದು ಬರುತ್ತಾರೆ, ಇಂಥದ್ದೇ ಬೇಕು ಎಂದು ಅಲ್ಲೇ ಮಾತು ಮುಗಿಸಿಬಿಟ್ಟರು.

ಎಳೆದೊಯ್ಯುವ ಹಗ್ಗ ಕಟ್ಟಲು ಗುಡುಗಣ್ಣನ ದೋಣಿಗೆ ಬಂದ ಷಡ್ಡಕ ಕಪ್ಪು ಪೆಟ್ಟಿಗೆಯ ಮುಂದೆ ಹಾಗೇ ನಿಂತುಬಿಟ್ಟ. ಎಡಮೂಲೆಯ ತಗ್ಗನ್ನು ಬೆರಳಿನಿಂದ ಸವರಿದ.

"ಇದು ನಿನ್ನ ಹತ್ತಿರ ಹೇಗೆ ಬಂತು?"

"ಅದು ಕಂಪನಿ ಗುರುತು, ಭಾವ."

"ಕಂಪನಿ ಗುರುತಲ್ಲ ಕಣೋ. ನನ್ನ ಲಂಗರು ಬಿದ್ದ ಗುರುತು," ಎಂದ ಷಡ್ಡಕ, ಮ್ಯಾನೇಜರಮ್ಮನಿಗೆ ಕೇಳದಂತೆ ದನಿ ತಗ್ಗಿಸಿ. "ಹೋದ ವರ್ಷ ಇದನ್ನ ಹಾಕ್ಸಿ ಮೇಲಿನ ಧಕ್ಕೇಲಿ ಹೀಗೇ ದಿಬ್ಬ ಹತ್ತಿದ್ದೆ. ಮೂವತ್ತು ಜನ ಇದ್ದರು ದೋಣೀಲಿ. ಅಲ್ಲಿ ತಲೆ ಎತ್ತಿ ಓಡಾಡೋಕಾಗದೆ ಈ ಕಡೆ ಬಂದೆ. ಆ ಅಂಗಡಿಯವನಿಗೇ ಆರು ಸಾವಿರಕ್ಕೆ ವಾಪಸು ಕೊಟ್ಟೆ. ನಿನಗೆಷ್ಟು ಹಾಕಿದ?"

"ಹದಿನೆಂಟು."

"ನನಗೆ ಇಪ್ಪತ್ತೆರಡು. ನೋಡು, ನೀನು ನಾಲ್ಕು ಸಾವಿರ ಉಳಿಸಿದೀಯ," ಎಂದು ಷಡ್ಡಕ ಅವನ ಬೆನ್ನು ತಟ್ಟಿದ. "ನನ್ನ ಹೆಂಡತಿಗೆ ಮಾತ್ರ ಹೇಳಬೇಡ. ಅವಳ ಲೆಕ್ಕದಲ್ಲಿ ಅದು ಐದು ಸಾವಿರದ್ದು."

ಎರಡು ದೋಣಿಗಳು ಒಂದರ ಹಿಂದೊಂದು ಈಚೆ ದಡಕ್ಕೆ ಹೊರಟವು. ಮುಂದಿನದರಲ್ಲಿ ಹಾಡು, ನಗು, ಟೈಲರಮ್ಮನ ಹರಟೆ. ಹಿಂದಿನದರಲ್ಲಿ ಗುಡುಗಣ್ಣ ಮತ್ತು ಅವನ ಪೆಟ್ಟಿಗೆ. ಇಪ್ಪತ್ತು ಸಾವಿರ ಹೋಯಿತು, ಕಾರ್ಖಾನೆ ಕೆಲಸವೂ ಹೋಯಿತು. ಮನೆಯಲ್ಲಿ ಹೇಗೆ ಬಾಯಿ ಬಿಡುವುದೆಂದು ಯೋಚಿಸಿದ. ಡಬ್ಬಿ ಅಟ್ಟದ ಮೇಲಿದೆ, ಬಣ್ಣ ಬಳಿಸುವುದಕ್ಕೆ ಇನ್ನೂ ತಿಂಗಳಿದೆ, ಅಷ್ಟರಲ್ಲಿ ಏನಾದರೂ ದಾರಿ ಕಂಡೀತು ಎಂಬುದೊಂದೇ ಅವನಿಗಿದ್ದ ಧೈರ್ಯ.

ಧಕ್ಕೆಯಲ್ಲಿ ಹೆಂಡತಿ ಕಾಯುತ್ತ ನಿಂತಿದ್ದಳು. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ನಡುವಿನ ಹಗ್ಗ ಅವಳಿಗೆ ಕಂಡಿರಲಿಲ್ಲ. ಅವಳ ಮುಖ ಅರಳಿತ್ತು. ಮದುವೆಯಾದ ಮೇಲೆ ಅವಳು ಅವನನ್ನು ಇಷ್ಟು ಮೆಚ್ಚುಗೆಯಿಂದ ನೋಡಿದ್ದು ಎರಡನೇ ಸಲವೋ ಮೂರನೇ ಸಲವೋ.

"ಹಾಡು ಎಷ್ಟು ಹಿತವಾಗಿ ಕೇಳಿಸ್ತು ಗೊತ್ತಾ? ಆ ಎಂಜಿನ್ ಸದ್ದಂತೂ ಒಂಚೂರೂ ಇಲ್ಲ," ಎಂದಳು. "ನಾನು ಸುಮ್ಮನೆ ಬೈಕೊಂಡೆ ನಿಮ್ಮನ್ನ. ಸೈಲೆನ್ಸರೂ ಮಾಡಿಸಿ, ಹಾಡೂ ಹಾಕಿಸಿ, ಎಲ್ಲ ಐದರಲ್ಲೇ ಮುಗಿಸಿದ್ರಲ್ಲ. ನಮ್ಮ ಭಾವನೂ ಹೋದ ವರ್ಷ ಹೀಗೇ ಐದರಲ್ಲೇ ಮುಗಿಸಿದ್ರಂತೆ."

ಷಡ್ಡಕ ಕೂಡಲೇ ಹಗ್ಗದ ಗಂಟಿನ ಕಡೆ ಬಹಳ ಆಸಕ್ತಿಯಿಂದ ನೋಡತೊಡಗಿದ.

ಗುಡುಗಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಹಿಂದೆ ಕುಂಚಗಳ ಚೀಲ ಹಿಡಿದು ನಿಂತಿದ್ದ ಬಣ್ಣದವನು ಕಂಡ. ಅವಳ ಕಂಕುಳಲ್ಲಿದ್ದ ತಗಡಿನ ಡಬ್ಬಿಯೂ ಕಂಡಿತು.

"ಹೇಗೂ ಖುಷಿಯ ದಿನ, ಇವರಿಗೆ ಇವತ್ತೇ ಮುಂಗಡ ಕೊಟ್ಟುಬಿಡೋಣ ಅಂತ ಕರ್ಕೊಂಡೇ ಬಂದೆ," ಎನ್ನುತ್ತ ಅವಳು ಮುಚ್ಚಳ ಎಳೆದಳು. ಅದು ಬಿಗಿಯಾಗಿತ್ತು, ಅಲುಗಲಿಲ್ಲ. ಡಬ್ಬಿಯನ್ನು ಗಂಡನ ಕೈಗೆ ಕೊಟ್ಟಳು.

"ನನ್ನ ಕೈಲಾಗ್ತಿಲ್ಲ. ನೀವೇ ಸ್ವಲ್ಪ ತೆಗೀರಿ."