ಮ್ಯಾಕಿನ ಮನೆ ಅಳಿಯ

ಎಲೆ ಅಡಿಕೆ ಇಟ್ಟು ಕೊಟ್ಟ ವಸ್ತುವನ್ನು ವಾಪಸ್ ಕೇಳಬಾರದು ಎಂಬ ನಿಯಮವನ್ನು ಯಾವ ಮಹಾನುಭಾವ ಮಾಡಿದನೋ ಏನೋ, ಅವನ ಮನೆಯಲ್ಲಿ ಕಂಪ್ಯೂಟರ್ ಇದ್ದಿರಲಾರದು. ಇದು ಕೊಳ್ಳೇಗಾಲದ ಷಡಕ್ಷರಿಯ ಖಚಿತ ಅಭಿಪ್ರಾಯ. ಆದರೆ ಬಾಯಿಬಿಟ್ಟು ಹೇಳುವಂತಿಲ್ಲ. ಆ ನಿಯಮವನ್ನು ಮನೆಯವರೆಲ್ಲರ ಮುಂದೆ ಎದೆಯುಬ್ಬಿಸಿ ಸಾರಿದವನು ಅವನೇ.

ಷಡಕ್ಷರಿಯ ಹುಟ್ಟೂರು ಮುಳ್ಳೂರು. ಮದುವೆಯಾದ ಮೇಲೆ ಕೊಳ್ಳೇಗಾಲದ ಅತ್ತೆಯ ಮನೆಯಲ್ಲೇ ಉಳಿದು, ಮಾವ ಬಿಟ್ಟುಹೋದ ಪಂಪ್‌ಸೆಟ್ ಅಂಗಡಿಯನ್ನು ನಡೆಸುತ್ತಿದ್ದಾನೆ. (ಇಂಥವರಿಗೆ ಜನ ಒಂದು ಹೆಸರು ಇಟ್ಟಿದ್ದಾರೆ. ಅವನಿಗೆ ಅದು ಹಿಡಿಸುವುದಿಲ್ಲವಾದ್ದರಿಂದ ಸದ್ಯಕ್ಕೆ ಬೇಡ.) ಹೆಂಡತಿ ನಾಗಶ್ರೀ ಮುಂದಿನ ಕೋಣೆಯಲ್ಲಿ ಕಸೂತಿ ಮೆಷಿನ್ ಇಟ್ಟುಕೊಂಡು ರವಿಕೆಗಳಿಗೆ ಹೂವು, ಬಳ್ಳಿ ಹಾಕಿಕೊಡುತ್ತಾಳೆ. ಡಿಸೈನನ್ನು ಕಂಪ್ಯೂಟರಿನಲ್ಲಿ ಬರೆದು, ಪೆನ್‌ಡ್ರೈವಿಗೆ ತುಂಬಿ ಮೆಷಿನ್ನಿಗೆ ಚುಚ್ಚಿದರೆ ಸೂಜಿ ತಾನಾಗಿ ಓಡುತ್ತದೆ. ಆ ಕಂಪ್ಯೂಟರ್ ಹಳೆಯ ವಿಂಡೋಸಿನದು. ಬೆಳಿಗ್ಗೆ ಗುಂಡಿ ಒತ್ತಿದರೆ, ನಾಗಶ್ರೀ ಕಾಫಿ ಕುಡಿದು ಲೋಟ ತೊಳೆದಿಡುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಬಿಟ್ಟ ಮೇಲೆ ಒಂದು ದಿನವೂ ಕೆಲಸ ತಪ್ಪಿಸಿದ್ದಿಲ್ಲ.

ಹೀಗಿರುವಾಗ ಹನೂರಿನ ಫೋಟೋ ಸ್ಟುಡಿಯೋದವನೊಬ್ಬ ಅಂಗಡಿ ಮುಚ್ಚಿ ಬಾಳೆ ತೋಟಕ್ಕಿಳಿದ. ಅವನಿಗೆ ಪಂಪ್ ಬೇಕಿತ್ತು. ಷಡಕ್ಷರಿಯ ಕಣ್ಣು ಅವನ ಮೇಜಿನ ಮೇಲಿದ್ದ ಮ್ಯಾಕ್ ಕಂಪ್ಯೂಟರಿನ ಮೇಲೆ ಬಿತ್ತು. ತೆಳ್ಳಗೆ, ಬೆಳ್ಳಗೆ, ಬೆನ್ನ ಮೇಲೊಂದು ಕಚ್ಚಿದ ಸೇಬು. ಅದಲು ಬದಲು ನಡೆದುಹೋಯಿತು. ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದವನು, ವಿಭೂತಿ ಹಚ್ಚಲು ಬಂದ ಅತ್ತೆ ದೊಡ್ಡಬಸಮ್ಮನವರನ್ನು ತಡೆದು, "ಗಾಜಿಗೆ ಬ್ಯಾಡಿ ಅತ್ತೆ, ಹಿಂದುಗಡೆ ಸೇಬಿಗೆ ಹಚ್ಚಿ" ಎಂದ.

ಅವತ್ತೇ ಮುಳ್ಳೂರಿನಿಂದ ಅವನ ಚಿಕ್ಕಪ್ಪನ ಮಗ ಪರಮೇಶ ಬಂದಿದ್ದ. ಷಡಕ್ಷರಿಯ ಔದಾರ್ಯ ಉಕ್ಕಿ ಹರಿಯಿತು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಹಳೆಯ ಕಂಪ್ಯೂಟರಿನ ಪಕ್ಕ ನಿಂತ.

"ತಕಳ್ಲಾ ಪರಮೇಶ, ಇದು ನಿನ್ ಮಗೀಗ."

"ರೀ, ಮೊದ್ಲು ಒಸದ್ರಲ್ಲಿ ನನ್ ಕೆಲ್ಸ ಆಯ್ತದಾ ನೋಡಿ" ಎಂದು ನಾಗಶ್ರೀ ಅಡುಗೆಮನೆಯಿಂದ ಕೂಗಿದಳು.

"ಡಿಸೈನ್ ಮಾಡೋ ಸಾಫ್ಟ್‌ವೇರು ಪೆನ್‌ಡ್ರೈವಲ್ಲಿ ಅದ. ಇದಕ್ಕ ಚುಚ್ಚುದ್ರ ಆಯ್ತು. ಮೋಟಾರ್ ಯಾವ್ ಕಂಪ್ನೀದಾದ್ರೂ ಎತ್ತೋದು ನೀರೇ ಕಣೆ!"

ಪರಮೇಶನಿಗೂ ಯಾಕೋ ಅನುಮಾನ. "ಅಣ್ಣಾ, ಬೇಕಾದ್ರ ಆಮೇಲ..."

"ಎಲೆ ಅಡಿಕ ಮಡಗಿ ಕೊಟ್ಟದ್ದ ತಿರ್ಗ ಕೇಳೋ ವಂಸ ಅಲ್ಲ ಕಣ್ಲಾ ನಮ್ದು!"

ಹಳೆಯ ಕಂಪ್ಯೂಟರ್ ಮುಳ್ಳೂರಿಗೆ ಹೋಯಿತು.

ಅದರ ಹಿಂದೆಯೇ ಯಳಂದೂರಿನಿಂದ ರೇಷ್ಮೆ ರವಿಕೆಯ ಬಟ್ಟೆಯೊಂದು ಬಂತು. ನಾಗಶ್ರೀಯ ಚಿಕ್ಕಮ್ಮನ ಮಗಳು ಕೋಮಲಳಿಗೆ ಸೋಮವಾರ ಧಾರೆ. ಬೆನ್ನ ಮೇಲೆ ಗರಿ ಬಿಚ್ಚಿದ ನವಿಲು ಬೇಕೆಂದು ಹುಡುಗಿಯ ಆಸೆ. ನಾಗಶ್ರೀಗೆ ಇದು ಮೊದಲನೆಯ ಮದುವೆ ರವಿಕೆ. ಚೆನ್ನಾಗಿ ಬಂದರೆ ಛತ್ರದ ಹೆಂಗಸರೆಲ್ಲ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಕೆಟ್ಟರೆ ತಂಗಿಯ ರವಿಕೆಯನ್ನೇ ಕೆಡಿಸಿದವಳು ಎಂಬ ಬಿರುದು ಯಳಂದೂರಿನಿಂದ ಹನೂರಿನವರೆಗೂ ಹರಡುತ್ತದೆ. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಷಡಕ್ಷರಿ ಪೆನ್‌ಡ್ರೈವ್ ಚುಚ್ಚಿ, ಸಾಫ್ಟ್‌ವೇರಿನ ಫೈಲಿನ ಮೇಲೆ ಟಕಟಕ ಒತ್ತಿದ. ಇದು ವಿಂಡೋಸಿನ ಫೈಲು, ನನ್ನಲ್ಲಿ ತೆರೆಯುವುದಿಲ್ಲ ಎಂದು ಮ್ಯಾಕ್ ಬಹಳ ಮರ್ಯಾದೆಯಿಂದ ತಿಳಿಸಿತು. ಇನ್ನೂ ಜೋರಾಗಿ ಒತ್ತಿದ. ಮ್ಯಾಕ್ ಅದೇ ಮರ್ಯಾದೆಯಿಂದ ಅದನ್ನೇ ಹೇಳಿತು.

"ನೀರು ಎತ್ತುತಾ?" ಎಂದಳು ನಾಗಶ್ರೀ.

ಫೈಲಿನ ಹೆಸರಿನ ಬಾಲದಲ್ಲಿ ಇ ಎಕ್ಸ್ ಇ ಎಂದಿತ್ತು. ಆ ಬಾಲವನ್ನು ಕತ್ತರಿಸಿ ಮ್ಯಾಕಿನ ಬಾಲ ಅಂಟಿಸಿದ. ಮ್ಯಾಕ್ ಮೋಸ ಹೋಗಲಿಲ್ಲ. ಕೊನೆಗೆ ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ, ವಿಂಡೋಸಿನ ಮಾತನ್ನು ಮ್ಯಾಕಿಗೆ ತಿಳಿಸಿಹೇಳುವ ದುಭಾಷಿ ಸಾಫ್ಟ್‌ವೇರ್ ಒಂದನ್ನು ಹುಡುಕಿ ಹಾಕಿದ. ಆಹಾ, ಸಾಫ್ಟ್‌ವೇರಿನಲ್ಲೇ ಸಿದ್ಧವಿದ್ದ ನವಿಲಿನ ಡಿಸೈನ್ ತೆರೆದುಕೊಂಡಿತು! ನವಿಲು ಬಂತು. ಗರಿ ಬರಲಿಲ್ಲ. ದುಭಾಷಿ ಅರ್ಧ ಮಾತನ್ನು ನುಂಗಿಕೊಂಡಿದ್ದ.

ದೊಡ್ಡಬಸಮ್ಮನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಳಿಯಂದ್ರೇ, ಲಿಂಗ ಕಟ್ಟಿರೋರ ಮದ್ವೇಲಿ ಕೋಳಿ ಯಾಕ?"

"ಅದು ನವಿಲು ಅತ್ತೆ."

"ಪುಕ್ಕ ತರಿದ್ಬುಟ್ಟಿದ್ದರಿ, ಗೊತ್ತಾಗ್ನಿಲ್ಲ."

ನಾಗಶ್ರೀಯ ಕಣ್ಣು ತುಂಬಿಕೊಂಡಿತು. "ಪರಮೇಶನ್ಗ ಒಂದು ಮಾತು ಯೋಳಿ. ಅಲ್ಲೇ ಓಗಿ ಕೂತ್ಕಂಡು ಡಿಸೈನ್ ಮಾಡ್ಕ ಬತ್ತೀನಿ."

"ಕೊಟ್ಟದ್ದರ ಮುಂದ ಓಗಿ ಕೂರೋದೂ ಕೇಳ್ದಂಗೇಯ. ಮುಳ್ಳೂರಲ್ಲಿ ನಾನು ತಲ ಎತ್ಕ ತಿರುಗ್ಬೇಕಾ ಬ್ಯಾಡ್ವಾ?"

"ನಿಮ್ ತಲೆಗ ನಮ್ ಕೋಮಲನ ಬೆನ್ನು ಬಲಿಯಾ?"

ಶುಕ್ರವಾರ ಷಡಕ್ಷರಿ ಬ್ರಹ್ಮಾಸ್ತ್ರವನ್ನು ಹೊರತೆಗೆದ. ಅಂಗಡಿಗೂ ಹೋಗದೆ ಮ್ಯಾಕಿನ ಮುಂದೆ ಪ್ರತಿಷ್ಠಾಪನೆಗೊಂಡ. ಪರದೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ತೆವಳುತ್ತಿತ್ತು.

"ಏನದು, ಒತ್ತಾರಿಂದ ತುಂಬ್ಕತಾನೇ ಅದ?" ಅತ್ತೆಗೆ ಕುತೂಹಲ.

"ಮ್ಯಾಕಿನ ಒಳಗೇ ಒಂದು ವಿಂಡೋಸ್ ತಂದು ಮಡಗ್ತಿದ್ದೀನಿ ಅತ್ತೆ. ಮನೆ ಮ್ಯಾಕಿಂದು, ಒಳಗ ಒಂದು ಕೋಣೆ ವಿಂಡೋಸಿಗ. ಜಾಗ, ಕರೆಂಟು ಎಲ್ಲಾ ಮ್ಯಾಕೇ ಕೊಡದು. ವಿಂಡೋಸು ಮಾತ್ರ ಇಡೀ ಮನೆ ತನ್ದೇ ಅಂದ್ಕಂಡು ಯಜಮಾನಿಕ ಮಾಡ್ಕಂಡಿರ್ತದ."

"ಅಂದ್ರ ಮನೆ ಅಳಿಯ ಅನ್ನಿ" ಎಂದರು ದೊಡ್ಡಬಸಮ್ಮನವರು, ಯಾವ ದುರುದ್ದೇಶವೂ ಇಲ್ಲದೆ.

(ಬೇಡವೆಂದಿದ್ದ ಹೆಸರು ಬಂದೇಬಿಟ್ಟಿತು. ನಾವೇನು ಮಾಡುವುದು?)

ಆ ಹೊತ್ತಿಗೆ ಪರಮೇಶನ ಹೆಂಡತಿ ಪ್ರೇಮಾ, ಪೇಟೆಗೆ ಬಂದವಳು, ಹಾಗೇ ಮನೆಗೂ ಬಂದು ನಡುಮನೆಯಲ್ಲಿ ಕೂತಿದ್ದಳು. ಅವಳು ಹೊರಡುವಾಗ ನಾಗಶ್ರೀ ಕೋಣೆಯ ಬಾಗಿಲಿಗೆ ಬಂದು ಕೇಳಿದಳು. "ರೀ, ಪ್ರೇಮನ್ನ ಬರಿಗೈಲಿ ಕಳ್ಸಾಕಾಯ್ತದಾ? ಏನಾರ ಕೊಟ್ಟು ಎಲೆ ಅಡಿಕ ಕೊಡ್ಲಾ?"

ಗೆರೆ ಅರ್ಧಕ್ಕೆ ಬಂದಿತ್ತು. ಷಡಕ್ಷರಿ ತಿರುಗಲಿಲ್ಲ. "ಕೊಡು ಕೊಡು. ಕೊಡೋದ್ರಲ್ಲಿ ಯೋಚ್ನ ಮಾಡ್ಬಾರ್ದು."

"ನೀವೇ ಯೋಳಿದ್ದು, ಗ್ಯಾನ ಇರ್ಲಿ" ಎಂದು ನಾಗಶ್ರೀ ಹೊರಗೆ ಹೋದಳು.

ಶನಿವಾರ ಬೆಳಿಗ್ಗೆ ಗೆರೆ ಬಲದ ದಡ ಮುಟ್ಟಿತು. ಮ್ಯಾಕಿನ ಹೊಟ್ಟೆಯೊಳಗೆ ವಿಂಡೋಸಿನ ನೀಲಿ ಪರದೆ ತೆರೆಯಿತು. ಷಡಕ್ಷರಿ ಪೆನ್‌ಡ್ರೈವ್ ಚುಚ್ಚಿ ಉಸಿರು ಬಿಗಿಹಿಡಿದು ಒತ್ತಿದ. ಸಾಫ್ಟ್‌ವೇರ್ ತೆರೆಯಿತು. ನವಿಲು ಬಂತು. ಗರಿಗಳು ಬಂದವು, ಒಂದೊಂದರಲ್ಲೂ ಕಣ್ಣು! ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

"ನಾಗೂ! ಅತ್ತೆ! ಬನ್ನಿ ಬನ್ನಿ, ಕೋಳಿ ನವಿಲಾಯ್ತು!"

ಬಾಗಿಲಲ್ಲಿ ಲಗೇಜ್ ಆಟೋ ನಿಂತ ಸದ್ದಾಯಿತು. ಒಳಗೆ ಬಂದವನು ಪರಮೇಶ. ಕಂಕುಳಲ್ಲಿ ಹಳೆಯ ಕಂಪ್ಯೂಟರ್, ಹಿಂದೆ ಪ್ರೇಮಾಳ ಕೈಯಲ್ಲಿ ಎಲೆ ಅಡಿಕೆ ತಟ್ಟೆ.

"ಅಣ್ಣಾ, ನಿನ್ನಂತೋರು ಈ ಸೀಮೇಲೇ ಇಲ್ಲ ಬುಡು. ಆ ಒಸ ಕಂಪ್ಯೂಟರ್ನೂ ನಮ್ ಮಗೀಗೇ ಕೊಟ್ಬುಟ್ಟಂತಲ್ಲ! ಎರಡೆರಡು ಮಡೀಕಂಡು ನಾವೇನ್ ಮಾಡವು? ಇದು ನಮ್ ಕಡೆ ಮುಯ್ಯಿ, ಅತ್ಗೆ ಕಸೂತಿಗಾಯ್ತದ."

ಷಡಕ್ಷರಿ ಹೆಂಡತಿಯ ಮುಖ ನೋಡಿದ.

"ನೀವೇ ಕೊಡು ಅಂದ್ರಲ್ಲ" ಎಂದಳು ನಾಗಶ್ರೀ. "ನಾವೇನೂ ವಾಪಸ್ ಕೇಳ್ನಿಲ್ಲ. ಮುಯ್ಯಿ ತಂದವ್ರ. ಬ್ಯಾಡ ಅನ್ನಾಕಾಯ್ತದಾ?"

"ಆದ್ರ ಇದು ಈಗ ಕೆಲ್ಸ ಮಾಡ್ತದ ಕಣೆ! ಇಲ್ಲಿ ನೋಡು!"

ನಾಗಶ್ರೀ ಬಂದು ಪರದೆ ನೋಡಿದಳು. "ಚೆಂದಾಗದ ಕಣ್ರಿ" ಎಂದಳು, ಮನಸಾರೆ. ಆಮೇಲೆ ಪೆನ್‌ಡ್ರೈವ್ ಕಿತ್ತುಕೊಂಡು ಹಳೆಯ ಕಂಪ್ಯೂಟರಿನ ಕಡೆ ಹೋದಳು.

ಷಡಕ್ಷರಿ ಕೊನೆಯ ಆಸೆಯಿಂದ ತಮ್ಮನ ಕಡೆ ತಿರುಗಿದ. "ಪರಮೇಶಾ, ಇದು..."

"ಗೊತ್ತು ಬುಡಣ್ಣ. ತಿರ್ಗ ಕೇಳೋ ವಂಸ ಅಲ್ಲ ನಮ್ದು!" ಎಂದು ಪರಮೇಶ ಹೆಮ್ಮೆಯಿಂದ ಮ್ಯಾಕನ್ನು ಎತ್ತಿಕೊಂಡ. ಒಳಗಿದ್ದ ವಿಂಡೋಸೂ ಅದರ ಜೊತೆಗೇ ಆಟೋ ಹತ್ತಿತು.

ಭಾನುವಾರದ ಹೊತ್ತಿಗೆ ರವಿಕೆ ಮುಗಿಯಿತು. ಸೋಮವಾರ ಯಳಂದೂರಿನ ಛತ್ರದಲ್ಲಿ ಧಾರೆಗೆ ಬಂದ ಹೆಂಗಸರು ಹುಡುಗಿಯ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದರು. ನಾಗಶ್ರೀಗೆ ಊಟಕ್ಕೆ ಕೂರಲೂ ಬಿಡುವಿಲ್ಲದಷ್ಟು ವಿಚಾರಣೆ. ದೂರದಿಂದ ನೋಡುತ್ತಿದ್ದ ಷಡಕ್ಷರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಮರುದಿನ ಬೆಳಿಗ್ಗೆ ಅವನು ಮ್ಯಾಕ್ ಕೂತಿದ್ದ ಖಾಲಿ ಜಾಗವನ್ನು ನೋಡಿ ನಿಟ್ಟುಸಿರು ಬಿಟ್ಟ. "ಎಷ್ಟು ಕಷ್ಟಪಟ್ಟು ಒಳಗ ಕೂರ್ಸಿದ್ದೆ ಅತ್ತೆ. ಎಲ್ಲಾ ಮುಳ್ಳೂರಿಗೋಯ್ತು."

ದೊಡ್ಡಬಸಮ್ಮನವರು ಅವನ ಮುಂದೆ ಕಾಫಿ ಇಟ್ಟು ಸಮಾಧಾನ ಹೇಳಿದರು. "ಯೋಚ್ನ ಮಾಡ್ಬ್ಯಾಡಿ ಅಳಿಯಂದ್ರೇ. ಮುಳ್ಳೂರಿಂದ ಒಬ್ಬ ಮನೆ ಅಳಿಯುನ್ನ ತಕಂಡಿದ್ವಿ. ಈಗ ಮುಳ್ಳೂರಿಗ ಒಬ್ಬ ಮನೆ ಅಳಿಯುನ್ನ ಕಳ್ಸಿಕೊಟ್ವಿ. ಮುಯ್ಯಿ ತೀರ್ತು."

ಷಡಕ್ಷರಿ ಹೆಂಡತಿಗಾಗಿ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದ. ಅದು ಕಣ್ಣು ಬಿಡುವ ಹೊತ್ತಿಗೆ ಕಾಫಿ ಕುಡಿದು ಲೋಟವನ್ನೂ ತೊಳೆದಿಟ್ಟಿದ್ದ.