ಅತ್ತೆಯ ಹತ್ತೊಂಬತ್ತು ಸ್ವೆಟರುಗಳು

ನಮ್ಮ ಸೋದರತ್ತೆ ಮೂರು ವರ್ಷದಲ್ಲಿ ಹತ್ತೊಂಬತ್ತು ಸ್ವೆಟರು ಹೆಣೆದರು. ಹತ್ತೊಂಬತ್ತೂ ಮಾವನಿಗೇ! ಹಾಗಾದರೆ ಮಾವನ ಪೆಟ್ಟಿಗೆಯಲ್ಲಿ ಎಷ್ಟು ಸ್ವೆಟರು ಇದ್ದವು ಅಂತೀರಿ? ಒಂದೂ ಇಲ್ಲ. ಯಾಕೆಂದರೆ ಹತ್ತೊಂಬತ್ತೂ ಒಂದೇ ಬೂದು ಬಣ್ಣದ ಉಲ್ಲನ್ನಿನವು. ಹೆಣೆಯುವುದು, ಎಲ್ಲೋ ಒಂದು ಕುಣಿಕೆ ತಪ್ಪಿದೆ ಎಂದು ಪೂರ್ತಿ ಬಿಚ್ಚುವುದು, ಮತ್ತೆ ಹೆಣೆಯುವುದು.

ಎಪ್ಪತ್ತರ ದಶಕದ ಮಾತು. ನಾನು ಹೈಸ್ಕೂಲು ಓದಲು ಜಾಲಹಳ್ಳಿಯ ವಠಾರದಲ್ಲಿ ಅತ್ತೆಯ ಮನೆಯಲ್ಲಿದ್ದೆ. "ನನ್ನ ಕೈಲಿ ಏನೂ ಆಗಲ್ಲ ಕಣೇ" ಅನ್ನುವುದು ಅತ್ತೆಗೆ ಉಸಿರಾಡಿದಷ್ಟು ಸಲೀಸು. ಓರಗಿತ್ತಿಯರೆಲ್ಲ ಕಸೂತಿಯಲ್ಲಿ ಪ್ರಚಂಡರು. ಮದುವೆಯಾದ ಹೊಸದರಲ್ಲಿ ಇವರು ಹೊಲಿದ ದಿಂಬಿನ ಚೀಲದಲ್ಲಿ ದಿಂಬೇ ತೂರಲಿಲ್ಲವಂತೆ. "ಇವಳ ಕೈಗೆ ಯಾವ ಕೆಲಸವೂ ಹತ್ತಲ್ಲ" ಎಂದು ಅವರ ಅತ್ತೆ ಅಂದುಬಿಟ್ಟರು. ಹೇಳಿದವರು ಮಾರನೆಯ ದಿನವೇ ಮರೆತರು. ಇವರು ಮಾತ್ರ ಹದಿನೈದು ವರ್ಷ ನಂಬಿಕೊಂಡೇ ಬಂದರು!

ಮಾವನಿಗೆ ಫ್ಯಾಕ್ಟರಿ ಬಸ್ಸು ಬೆಳಗ್ಗೆ ಆರೂವರೆಗೆ. ಆಗಿನ ಜಾಲಹಳ್ಳಿಯ ಚಳಿ ನಿಮಗೆ ಗೊತ್ತೇ? ಹಲ್ಲು ಕಟಕಟ ಅನ್ನುತ್ತಿತ್ತು! ಮಾವ ತಲೆಗೆ ಟವೆಲ್ಲು ಸುತ್ತಿಕೊಂಡು ಖೊಳ್ ಖೊಳ್ ಕೆಮ್ಮುತ್ತಾ ಹೋಗುವುದನ್ನು ಅತ್ತೆ ಬಾಗಿಲಲ್ಲಿ ನಿಂತು ಸಂಕಟಪಟ್ಟು ನೋಡುತ್ತಿದ್ದರು. ಪಕ್ಕದ ಮನೆಯಲ್ಲಿ ಏರ್‌ಫೋರ್ಸಿನವರೊಬ್ಬರ ಹೆಂಡತಿ, ಪಂಜಾಬಿ ಆಂಟಿ, ನಡೆಯುತ್ತಲೇ ಸ್ವೆಟರು ಹೆಣೆಯುವಾಕೆ. ಒಂದು ದಿನ ಆಕೆ ಎರಡು ಕಡ್ಡಿಗಳನ್ನು ಅತ್ತೆಯ ಕೈಗೆ ತುರುಕಿ "ಏಕ್ ಸೀಧಾ, ಏಕ್ ಉಲ್ಟಾ" ಅಂದರು, ಅಂದರೆ ಒಂದು ಕುಣಿಕೆ ನೇರ, ಒಂದು ತಿರುವುಮುರುವು. ಅತ್ತೆಗೆ ಹಿಂದಿ ಬರದು, ಆಂಟಿಗೆ ಕನ್ನಡ ಬರದು. ಅಷ್ಟಕ್ಕೇ ಪಾಠ ಮುಗಿಯಿತು.

ಅಲ್ಲಿಂದ ಶುರುವಾಯಿತು ನೋಡಿ! "ಅತ್ತೆ, ಹಾಲು ಉಕ್ತಿದೆ!" ಎಂದು ನಾನು ಕಿರುಚಿದರೆ, ಅತ್ತೆ ಕಣ್ಣೆತ್ತದೆ "ನಲವತ್ತೇಳು, ನಲವತ್ತೆಂಟು" ಅನ್ನುತ್ತಿದ್ದರು. ಹಾಲು ಉಕ್ಕಿ, ಸ್ಟೌ ಆರಿ, ಬೆಕ್ಕು ಬಂದು ಹೋದ ಮೇಲೆ "ಏನೋ ಅಂದ್ಯಲ್ಲೇ?" ಎಂದು ಕೇಳುತ್ತಿದ್ದರು.

ಬಿಚ್ಚಿದ ಉಲ್ಲನ್ನನ್ನು ಮತ್ತೆ ಉಂಡೆ ಮಾಡಲು ಲಡಿ ಹಿಡಿಯುವುದಕ್ಕೆ ಎರಡು ಕೈ ಬೇಕಲ್ಲ? ಮನೆಗೆ ಬಂದವರ ಕೈಗಳೆಲ್ಲ ಅತ್ತೆಯ ಸ್ವತ್ತು! ಒಮ್ಮೆ ಪೋಸ್ಟ್‌ಮನ್ ಸಾಬರು ಮನಿಯಾರ್ಡರ್ ಕೊಡಲು ಕೈ ಚಾಚಿದ್ದೇ ತಪ್ಪಾಯಿತು. ಲಡಿ ಕೈಗೆ ಬಿತ್ತು.

"ಅಮ್ಮಾ, ಇನ್ನೂ ನಾಲ್ಕ್ ಬೀದಿ ಕಾಗ್ದ ಐತೆ."

"ಆಯ್ತು ಸಾಬ್ರೇ, ಇನ್ನೇನು ಮುಗೀತು. ಕೈ ಸ್ವಲ್ಪ ಮೇಲೆತ್ತಿ."

ಅವತ್ತು ನಮ್ಮ ಕಡೆ ಕಾಗದಗಳೆಲ್ಲ ಸಂಜೆ ಬಟವಾಡೆಯಾದವು.

ಮಾವನ ಪಾಡು ಇನ್ನೂ ಮಜಾ. ಒಂದು ಭಾನುವಾರ ಅಳತೆಗೆಂದು ಸ್ವೆಟರು ತೊಡಿಸಿದರು. ಮಾವ ಬೆಚ್ಚಗೆ ಕೂತು ಪೇಪರು ಬಿಡಿಸಿದರು. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ತಪ್ಪು ಬಿತ್ತು, ಕತ್ತಿನ ಹತ್ತಿರ ದಾರದ ತುದಿಯೂ ಸಿಕ್ಕಿತು. ಮಾವ ಕ್ರೀಡಾಪುಟಕ್ಕೆ ಬರುವ ಹೊತ್ತಿಗೆ ಬನಿಯನ್ನಿನಲ್ಲಿದ್ದರು! ಪಂಜಾಬಿ ಆಂಟಿ "ಅಚ್ಛಾ ಹೈ, ಮತ್ ಖೋಲೋ!" ಅಂದರೆ ಚೆನ್ನಾಗಿದೆ, ಬಿಚ್ಚಬೇಡ ಎಂದು ತಲೆ ತಲೆ ಚಚ್ಚಿಕೊಂಡರು. ಅತ್ತೆ ಕೇಳಬೇಕಲ್ಲ? "ಅವ್ರು ಒಳ್ಳೆಯವ್ರು, ಹಂಗೇ ಅಂತಾರೆ. ನನ್ನ ಕೈ ನಂಗೊತ್ತಿಲ್ವಾ?" ಎಂದು ಅಳುತ್ತಲೇ ಬಿಚ್ಚಿದರು. ಆಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಇಪ್ಪತ್ತನೆಯ ಸ್ವೆಟರು ಪೂರ್ತಿಯಾಯಿತು. ರಾತ್ರಿ ಮಡಿಸಿಡುವಾಗ ಬೆನ್ನಲ್ಲಿ ಒಂದು ಕುಣಿಕೆ ತಪ್ಪಿರುವುದು ಕಂಡಿತು. "ಬೆಳಗ್ಗೆ ಬಿಚ್ತೀನಿ" ಅಂದರು. ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಮಾವ ಅದನ್ನು ತೊಟ್ಟು ಪರಾರಿ!

ಅತ್ತೆ ಒದ್ದೆ ತಲೆಯಲ್ಲೇ ಬಸ್‌ಸ್ಟಾಪಿಗೆ ಓಡಿದರು. ಹಿಂದೆ ನಾನು. "ರೀ, ನಿಂತ್ಕೊಳ್ರೀ! ಬೆನ್ನಲ್ಲಿ ತಪ್ಪಿದೆ!"

ಸ್ಟಾಪಿನಲ್ಲಿದ್ದವರೆಲ್ಲ ಮಾವನ ಬೆನ್ನು ನೋಡಿದರು. ಮಾವ ಬಸ್ಸಿನ ಮೆಟ್ಟಿಲ ಮೇಲಿಂದ ಕೂಗಿದರು, "ಬೆನ್ನು ನಂಗೆ ಕಾಣ್ಸಲ್ಲ ಕಣೇ!"

ಬಸ್ಸು ಹೋಯಿತು. ಅತ್ತೆ ಅವತ್ತು ಊಟ ಮಾಡಲಿಲ್ಲ. "ಎಲ್ಲಾ ಆಡ್ಕೊಂಡು ನಗ್ತಿರ್ತಾರೆ. ನನ್ನಿಂದ ಅವ್ರ ಮರ್ಯಾದೆ ಹೋಯ್ತು" ಎಂದು ಗೋಡೆಗೆ ಒರಗಿ ಕೂತುಬಿಟ್ಟರು.

ಸಂಜೆ ಮಾವ ಬೆವರಿ ತೊಪ್ಪೆಯಾಗಿ ಬಂದರು. ಮಧ್ಯಾಹ್ನದ ಬಿಸಿಲಲ್ಲೂ ಸ್ವೆಟರು ತೆಗೆದಿರಲಿಲ್ಲವಂತೆ! ಅತ್ತೆ ಅವರನ್ನು ತಿರುಗಿಸಿ, ತಪ್ಪಿದ ಕುಣಿಕೆಯ ಮೇಲೆ ಬೆರಳಿಟ್ಟರು. ಈಗ ಬಿಚ್ಚಿಯೇ ಬಿಟ್ಟರು ಎಂದುಕೊಂಡೆ.

"ಬೆಳಗ್ಗೆ ಕೆಮ್ಮು ಬರ್ಲಿಲ್ಲ ಕಣೇ," ಅಂದರು ಮಾವ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಅತ್ತೆಯ ಬೆರಳು ಅಲ್ಲೇ ಇತ್ತು. "ಅಲ್ಲಿ ಯಾರೂ ಕೇಳ್ಲಿಲ್ವಾ, ಇದೇನು ಅಂತ?"

"ಕೇಳಿದ್ರು."

"ಏನಂದ್ರಿ?"

"ನಮ್ಮನೆಯವಳು ಹೆಣೆದಿದ್ದು ಅಂದೆ."

ಅತ್ತೆ ಹಣೆಯನ್ನು ಆ ಬೂದು ಬೆನ್ನಿಗೆ ಒತ್ತಿಕೊಂಡು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಅಂದರು, "ಇನ್ನೊಂದ್ಸಲ ಹೇಳ್ರೀ."