ಚಿಂಚೋಳಿ ಬಿಟ್ಟು ಕದಲದ ಚುಕ್ಕೆ

ಫೋನ್ ಎಲ್ಲಿದೆಯೋ ಮನುಷ್ಯ ಅಲ್ಲಿದ್ದಾನೆ. ಎರಡು ಸಾವಿರದ ಆರರ ಸುಮಾರಿಗೆ ವಾಡಿಯ ನಮ್ಮ ಸರ್ವೇ ಆಫೀಸಿನಲ್ಲಿ ಎಲ್ಲರೂ ಹೀಗೆ ನಂಬಿದ್ದರು. ಒಪ್ಪಿದವರ ಕೈಗೆ ನಾವೇ ಒಂದೊಂದು ಫೋನ್ ಕೊಟ್ಟಿದ್ದೆವು. ಅದು ಯಾವ ಟವರಿನ ಕೆಳಗಿದೆ ಎಂಬುದು ಕಂಪ್ಯೂಟರಿನಲ್ಲಿ ಚುಕ್ಕೆಯಾಗಿ ಕಾಣುತ್ತಿತ್ತು. ಮೂರು ತಿಂಗಳು ಚುಕ್ಕೆ ನೋಡಿದರೆ, ಮುಂದೆ ಯಾರು ಯಾವಾಗ ಎಲ್ಲಿಗೆ ಹೋಗುತ್ತಾರೆಂದು ಹೇಳಬಹುದು, ಅದರಂತೆ ಹೊಸ ಬಸ್ಸು ಬಿಡಿಸಬಹುದು ಎಂಬುದು ಸಾಹೇಬರ ಲೆಕ್ಕ. ನಾನು ಸಂಖ್ಯಾಶಾಸ್ತ್ರ ಓದಿದವನು. ಆದ್ದರಿಂದ ನಂಬಿರಲಿಲ್ಲ. ಆದರೂ ನನಗೊಂದು ಬಸ್ಸು ಬೇಕಿತ್ತು.

ನನ್ನ ಹೆಂಡತಿ ಚಿಂಚೋಳಿಯಲ್ಲಿ ಟೀಚರ್. ಶನಿವಾರ ಕೆಲಸ ಮುಗಿಸಿ ರೈಲು ಹತ್ತಿ ನಾನು ಸೇಡಂ ಮುಟ್ಟುವ ಹೊತ್ತಿಗೆ ಚಿಂಚೋಳಿಯ ಕಡೆಯ ಬಸ್ಸು ಹೋಗಿರುತ್ತಿತ್ತು. ಭಾನುವಾರ ಹೋದರೆ, ಊಟ ಮುಗಿಯುವಷ್ಟರಲ್ಲಿ ತಿರುಗಿ ಬರುವ ಬಸ್ಸಿನ ಹೊತ್ತು. ಶನಿವಾರ ಸಂಜೆಗೊಂದು ಬಸ್ಸು ಬಿಟ್ಟರೆ ವಾರಕ್ಕೊಂದು ರಾತ್ರಿಯಾದರೂ ನಾನು ಸಂಸಾರಸ್ಥ.

ಗಿಡ

ದಂಡೋತಿಯ ರೈತನೊಬ್ಬನ ಚುಕ್ಕೆ ತಿಂಗಳಾದರೂ ಊರು ಬಿಡಲಿಲ್ಲ. "ಹಾಸಿಗಿ ಹಿಡದಿರಬೇಕು, ಪಾಪ. ನೋಡಿ ಬರ್ರಿ" ಎಂದರು ಸಾಹೇಬರು.

ಹೋದೆ. ಫೋನು ಬೇವಿನ ಗಿಡದ ಕೊಂಬೆಯಲ್ಲಿ, ಚೀಲದಲ್ಲಿ ನೇತಾಡುತ್ತಿತ್ತು. ಊರಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

"ಅವರು ಶಹಾಬಾದಿಗಿ ಕಲ್ಲಿನ ಕೆಲಸಕ್ಕ ಹೋಗಿ ಇಪ್ಪತ್ತು ದಿನ ಆತ್ರಿ" ಎಂದಳು ರೈತನ ಹೆಂಡತಿ.

"ಫೋನ್ ಒಯ್ಯಲಿಲ್ಲೇನು?"

"ಅವರು ಒಂದ್ ಕಡಿ ನಿಲ್ಲೂ ಮನಷ್ಯಾ ಅಲ್ರಿ. ಗಿಡ ಎಲ್ಲಿ ಹೋಗ್ತದ? ನೀವು ಯಾವಾಗ ಫೋನ್ ಮಾಡಿದ್ರೂ ಸಿಗ್ತದ."

ಸಾಹೇಬರು ವಹಿಯಲ್ಲಿ ‘ಅಪವಾದ, ಲೆಕ್ಕಕ್ಕಿಲ್ಲ’ ಎಂದು ಬರೆದುಕೊಂಡರು.

ಕುಂತಲ್ಲೇ ಆಂಧ್ರ

ಚಿಂಚೋಳಿ ಕಡೆಯ ಗಡಿಹಳ್ಳಿಯ ಮುದುಕಿಯದು ಉಲ್ಟಾ. ಆಕೆಯ ಚುಕ್ಕೆ ದಿನಕ್ಕೆ ಹತ್ತು ಸಲ ಆಂಧ್ರಕ್ಕೆ ಹೋಗಿ ಬರುತ್ತಿತ್ತು. ಏನೋ ಕಳ್ಳ ವ್ಯಾಪಾರ ಇರಬೇಕೆಂದು ಸಾಹೇಬರೇ ಜೀಪು ಹತ್ತಿದರು.

ಮುದುಕಿ ಅಂಗಳದಲ್ಲಿ ತೊಗರಿ ಕೇರುತ್ತ ಕುಳಿತಿದ್ದಳು. ಪಕ್ಕದಲ್ಲಿ ಫೋನು. ಗಾಳಿ ಬೀಸಿದಂತೆ ಅದು ಒಮ್ಮೆ ನಮ್ಮ ಟವರು, ಒಮ್ಮೆ ಆ ಕಡೆಯ ಟವರು ಹಿಡಿಯುತ್ತಿತ್ತು. ಸಾಹೇಬರು ಸಮಾಧಾನವಾಗಿ ಎಲ್ಲ ವಿವರಿಸಿದರು. ಆಕೆ ಮೊರ ಕೆಳಗಿಟ್ಟಳು.

"ಕುಂತಲ್ಲೇ ಆಂಧ್ರಾಕ್ಕ ಕಳಸಾಕತ್ತೀರಿ ಅಂದ್ರ ತಿರುಪತಿಗೇ ಕಳಸ್ರಿ ಯಪ್ಪಾ. ಅರ್ಧಾ ಹಾದಿಗಿ ಯಾಕ ತಿರಗಿ ತರ್ತೀರಿ?"

ಅದೂ ಅಪವಾದ.

ಶನಿವಾರ

ಒಂದು ಫೋನನ್ನು ನನ್ನ ಹೆಂಡತಿಗೂ ಕೊಟ್ಟಿದ್ದೆ. ಕೊಡುವಾಗ ಎಲ್ಲರಿಗೂ ಹೇಳುವುದನ್ನೇ ಆಕೆಗೂ ಹೇಳಿದೆ: ಆಫೀಸಿನ ಸಾಮಾನು, ಜ್ವಾಕಿ, ಕಳೀಬಾರದು. ಬೆಳಿಗ್ಗೆ ಚಹಾಕ್ಕೆ ಮೊದಲು ಆಕೆಯ ಚುಕ್ಕೆ ನೋಡುವುದು ನನಗೆ ರೂಢಿಯಾಯಿತು. ಅಪವಾದಗಳನ್ನು ಕಂಡವನೇ ನಾನು. ಆದರೂ ನೋಡುತ್ತಿದ್ದೆ.

ಚುಕ್ಕೆ ಕದಲಲಿಲ್ಲ. ಆಕೆಯದಷ್ಟೇ ಅಲ್ಲ, ಶನಿವಾರ ಚಿಂಚೋಳಿ-ಸೇಡಂ ದಾರಿಯಲ್ಲಿ ಬೇರೆ ಯಾರ ಚುಕ್ಕೆಯೂ ಕದಲಲಿಲ್ಲ.

"ನಿಮ್ಮ ಮನಿಯವ್ರು ಭಾಳ ಶಿಸ್ತಿನವ್ರು ನೋಡ್ರಿ" ಎಂದರು ಸಾಹೇಬರು. "ಮುಂದಿನ ಶನಿವಾರನೂ ಅಲ್ಲೇ ಇರ್ತಾರ. ಬರದು ಕೊಡ್ತೀನಿ."

ಶುಕ್ರವಾರ ವರದಿ ಹೋಯಿತು: ಶನಿವಾರ ಸಂಜೆ ಜನಸಂಚಾರವಿಲ್ಲ, ಬಸ್ಸು ಅನಗತ್ಯ. ನನ್ನ ಕಡೆ ಬರುವ ಮನಸ್ಸೇ ಆಕೆಗಿಲ್ಲ ಎಂಬ ಸಿಟ್ಟಿನಲ್ಲಿ ನಾನೂ ಸಹಿ ಹಾಕಿದೆ. ರಾತ್ರಿ ಸಿಟ್ಟು ಇಳಿಯಿತು. ಬೆಳಿಗ್ಗೆ ರಜೆ ಹಾಕಿ, ಹೇಳದೆ ಕೇಳದೆ ಹೊರಟೆ. ಸಾಹೇಬರು ಬರೆದು ಕೊಟ್ಟಿದ್ದರಲ್ಲ. ಜೀವನದಲ್ಲಿ ಒಮ್ಮೆ ಕಂಪ್ಯೂಟರನ್ನು ನಂಬಿದೆ.

ಚಿಂಚೋಳಿಯ ಮನೆಗೆ ಬೀಗ. ಫೋನ್ ಮಾಡಿದೆ. ಒಳಗೆ ರಿಂಗಾಯಿತು.

ಪಕ್ಕದ ಮನೆಯಾಕೆ ಇಣುಕಿದಳು. "ಟೀಚರ್ ಬಾಯಿ ಮುಂಜಾನಿ ಬಸ್ಸಿಗೇ ವಾಡಿಗಿ ಹೋದ್ರಲ್ರಿ. ಸಾಲಿ ಸೂಟಿ ಅದ, ಹೇಳದ ಹೋಗಿ ಅವರಿಗಿ ಸರ್ಪ್ರೈಜ್ ಕೊಡ್ತೀನಿ ಅಂದ್ರು."

ತಿರುಗಿ ಹೋಗುವ ಬಸ್ಸು ಆಗಲೇ ಬಿಟ್ಟಿತ್ತು. ಸಂಜೆ ವಾಡಿ ಸ್ಟೇಷನ್ನಿನ ಕಾಯಿನ್ ಬಾಕ್ಸಿನಿಂದ ಹೆಂಡತಿಯ ಕರೆ ಬಂತು.

"ಎಲ್ಲಿದ್ದೀರಿ?"

"ನಿನ್ನ ಮನಿ ಕಟ್ಟಿ ಮ್ಯಾಲ."

"ನಾ ಇಷ್ಟೊತ್ತನಕ ನಿಮ್ಮ ಮನಿ ಕಟ್ಟಿ ಮ್ಯಾಲಿದ್ದೆ."

"ಈಗ ಬಂದುಬಿಡು."

"ಸೇಡಂದಾಗ ಬಸ್ಸು ಎಲ್ಲದ್ರಿ ಈ ಹೊತ್ತಿಗಿ? ನೀವು ಆಫೀಸಿನ್ಯಾಗ ಅದೇ ಕೆಲಸ ಮಾಡಾಕತ್ತೀರಿ ಅಂದಿದ್ರಲ್ಲ?"

ಸಹಿಯ ವಿಷಯ ಹೇಳಲಿಲ್ಲ. "ಫೋನ್ ಯಾಕ ಬಿಟ್ಟು ಹೋದಿ?"

"ನೀವೇ ಜ್ವಾಕಿ ಅಂದ್ರಿ. ಬಸ್ಸಿನ ಗದ್ದಲದಾಗ ಕಳದ್ರ?" ನಾಣ್ಯ ಮುಗಿಯುವ ಸದ್ದಾಯಿತು. "ನಾಳಿ ನಾನೇ ಬರ್ತೀನಿ. ನೀವು ಅಲ್ಲಿಂದ ಕದಲಬ್ಯಾಡ್ರಿ. ಇಬ್ಬರೂ ಹೊಂಟ್ರ ಮತ್ತ ಹಾದಿಯಾಗ ತಪ್ತದ."

ಪಕ್ಕದ ಮನೆಯಾಕೆ ಚಹಾ ತಂದು ಕೊಟ್ಟಳು. ಅವರ ಮನೆಗೂ ನಾವು ಫೋನ್ ಕೊಟ್ಟಿದ್ದೆವು. ಆಕೆಯ ಗಂಡ ಪ್ರತಿ ಶನಿವಾರ ಸೇಡಂಗೆ ಹೋಗುತ್ತಾನಂತೆ. ಫೋನ್ ಒಯ್ಯುತ್ತಾನೆಯೇ ಎಂದು ಕೇಳಿದೆ. ಆಕೆ ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿದಳು.

ಊರಿಗೆ ಹೊರಡುವಾಗ ಎಲ್ಲರೂ ಫೋನನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕುತ್ತಿದ್ದರು.